ಎಣ್ಣೆಯ ಟೆಂಡರು ಯಾರ ಮೇಜಿನ ಮೇಲಿದೆ?

(ಚಾಮರಾಜಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಉಪನ್ಯಾಸದ ವಿಷಯ ತಿಳಿಸಿ ಎಂದಾಗ ನಾನು ‘ದ್ವೀಪ ರಾಷ್ಟ್ರಗಳಲ್ಲಿ ದೀರ್ಘಕಾಲದ ಕಾಯಿಲೆಗಳ ತಡೆ’ ಎಂದು ಬರೆದು ಕಳಿಸಿದ್ದೆ. ಸಂಘಟಕರು ಬಹಳ ವಿನಯದಿಂದ ಫೋನ್ ಮಾಡಿ, ‘ಚಾಮರಾಜಪೇಟೆಯಲ್ಲಿ ಇದನ್ನು ಕೇಳೋಕೆ ಯಾರು ಬರ್ತಾರೆ ಸಾರ್?’ ಎಂದರು. ಕೊನೆಗೆ ಕೆ.ಆರ್. ಮಾರ್ಕೆಟ್ಟನ್ನೂ ಜೊತೆಗೆ ಸೇರಿಸುತ್ತೇನೆಂದು ಒಪ್ಪಿಸಿದೆ. ಅವರನ್ನು ಸಮಾಧಾನಪಡಿಸಲು ಮಾತ್ರ ಹಾಗೆ ಹೇಳಿದ್ದಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯಾಘಾತ, ಲಕ್ವ, ಕ್ಯಾನ್ಸರ್ ಇವುಗಳನ್ನು ಬರದಂತೆ ತಡೆಯುವ ಕೆಲಸದಲ್ಲಿ ಆ ಪುಟ್ಟ ದೇಶಗಳು ಎದುರಿಸಿದ ಪ್ರಶ್ನೆಯೇ ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಆ ಮಾರುಕಟ್ಟೆಯಲ್ಲೂ ಇದೆ. ಅವರು ಅದಕ್ಕೆ ಅರ್ಧ ಉತ್ತರವನ್ನಾದರೂ ಕಂಡುಕೊಂಡರು. ನಾವಿನ್ನೂ ಪ್ರಶ್ನೆಯನ್ನೇ ಸರಿಯಾಗಿ ಕೇಳಿಕೊಂಡಿಲ್ಲ.

ಮಾರಿಷಸ್‌ನಿಂದ ಶುರುಮಾಡುತ್ತೇನೆ. ಅಲ್ಲಿನ ಜನಸಂಖ್ಯೆ ಇಂದಿಗೂ ಸುಮಾರು ಹನ್ನೆರಡೂವರೆ ಲಕ್ಷ. ನಮ್ಮ ಅನೇಕ ಜಿಲ್ಲೆಗಳಿಗಿಂತ ಕಡಿಮೆ. ಕಬ್ಬಿನ ತೋಟಗಳ ಕೂಲಿಗೆಂದು 1834ರಿಂದ ಹಡಗು ಹತ್ತಿಸಿಕೊಂಡು ಹೋದ ಭಾರತೀಯರ ಮೊಮ್ಮಕ್ಕಳು, ಮರಿಮಕ್ಕಳೇ ಅಲ್ಲಿ ಬಹುಸಂಖ್ಯಾತರು. 1987ರಲ್ಲಿ ಅಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಸಕ್ಕರೆ ಕಾಯಿಲೆ ವಿಪರೀತವಾಗಿದೆ ಎಂಬುದು ಅದರಿಂದ ಗೊತ್ತಾಯಿತು. ಅದಕ್ಕಿಂತ ಆಶ್ಚರ್ಯದ ಸಂಗತಿ ಎಂದರೆ, ಭಾರತೀಯ ಮೂಲದವರು, ಆಫ್ರಿಕಾ ಮೂಲದ ಕ್ರಿಯೋಲರು, ಚೀನೀ ಮೂಲದವರು ಮೂವರಲ್ಲೂ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ‘ಇದು ನಮ್ಮ ರಕ್ತದಲ್ಲೇ ಬಂದದ್ದು ಬಿಡಿ’ ಎಂದು ಕೈಚೆಲ್ಲುವ ದಾರಿ ಅಲ್ಲಿಗೆ ಮುಚ್ಚಿತು. ಮೂರು ಬೇರೆ ಬೇರೆ ವಂಶಗಳಿಗೆ ಒಂದೇ ಕಾಯಿಲೆ ಬಂದಿದೆ ಎಂದರೆ, ಮೂವರಿಗೂ ಸಮಾನವಾದದ್ದು ಏನೋ ಇರಲೇಬೇಕಲ್ಲ.

ಸಮಾನವಾಗಿದ್ದವುಗಳಲ್ಲಿ ಒಂದು ಅಡುಗೆ ಎಣ್ಣೆ. ಹೊರದೇಶದಿಂದ ತರಿಸಿ, ಸರ್ಕಾರದ ಹಿಡಿತದಲ್ಲಿ ಅಗ್ಗದ ದರಕ್ಕೆ ಹಂಚುತ್ತಿದ್ದ ಪಡಿತರದ ಎಣ್ಣೆ ಅದು. ಬಹುಪಾಲು ತಾಳೆ ಎಣ್ಣೆ. ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಪರ್ಯಾಪ್ತ ಕೊಬ್ಬು, ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಏರಿಸುವ ಬಗೆಯದು. ಸರ್ಕಾರ ಪಡಿತರದ ಎಣ್ಣೆಯನ್ನೇ ಬದಲಾಯಿಸಿ, ತಾಳೆಯ ಜಾಗಕ್ಕೆ ಸೋಯಾ ಎಣ್ಣೆ ತಂದಿತು. ಮನೆಮನೆಗೆ ಹೋಗಿ ಉಪದೇಶ ಮಾಡಿ ಎಣ್ಣೆ ಬಿಡಿಸಲಿಲ್ಲ. ಅಂಗಡಿಗೆ ಹೋದವರ ಕೈಗೆ ಬಂದದ್ದೇ ಬೇರೆ ಎಣ್ಣೆ. 1992ರಲ್ಲಿ ಮತ್ತೆ ಅಳೆದು ನೋಡಿದಾಗ ಜನರ ಸರಾಸರಿ ಕೊಲೆಸ್ಟರಾಲ್, ನಮ್ಮ ಲ್ಯಾಬ್ ಚೀಟಿಯ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 212ರಿಂದ 182ಕ್ಕೆ ಇಳಿದಿತ್ತು. ಐದೇ ವರ್ಷದಲ್ಲಿ, ಇಡೀ ದೇಶದ ಸರಾಸರಿ! ಯಾವ ಮಾತ್ರೆಯೂ ಒಂದು ದೇಶದ ಮಟ್ಟದಲ್ಲಿ ಇಷ್ಟು ಅಗ್ಗವಾಗಿ ಈ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಇದೇ ಅವಧಿಯಲ್ಲಿ ಸಿಗರೇಟು ಸೇದುವ ಗಂಡಸರ ಪ್ರಮಾಣ ಶೇ. 58ರಿಂದ ಶೇ. 47ಕ್ಕೆ ಬಂದಿತ್ತು. ಬಿ.ಪಿ.ಯೂ ಸ್ವಲ್ಪ ತಗ್ಗಿತ್ತು.

ಇದನ್ನು ಬರೀ ಗೆಲುವಿನ ಕತೆ ಮಾಡಿ ಹೇಳುವವರನ್ನು ಪೂರ್ತಿ ನಂಬಬೇಡಿ. ಅದೇ ಐದು ವರ್ಷಗಳಲ್ಲಿ ಮಿತಿಮೀರಿ ತೂಕವಿರುವ ಗಂಡಸರು ಶೇ. 26ರಿಂದ 36ಕ್ಕೂ, ಹೆಂಗಸರು ಶೇ. 38ರಿಂದ 48ಕ್ಕೂ ಏರಿದರು. ಸಕ್ಕರೆ ಕಾಯಿಲೆ ತಗ್ಗಲೇ ಇಲ್ಲ. ಎಣ್ಣೆಯ ಬಗೆಯನ್ನು ಬದಲಾಯಿಸಿದರು ನಿಜ. ಜನ ಎಷ್ಟು ತಿನ್ನುತ್ತಾರೆ, ಎಷ್ಟು ಹೊತ್ತು ಕೂತಿರುತ್ತಾರೆ ಎಂಬುದು ಯಾವ ಆಮದು ಪರವಾನಗಿಯ ಕೈಗೂ ಸಿಗುವಂಥದ್ದಲ್ಲ. ಆದರೂ ನಾನು ಈ ಉದಾಹರಣೆಯನ್ನು ಬಿಡುವುದಿಲ್ಲ. ಎಣ್ಣೆ ತರಿಸುವುದು, ಅದಕ್ಕೆ ದರ ಕಟ್ಟುವುದು ಎಲ್ಲಾದರೂ ಆರೋಗ್ಯ ಖಾತೆಯ ಕೆಲಸವೇ? ಅದು ವ್ಯಾಪಾರದ, ಪಡಿತರದ, ಹಣಕಾಸಿನ ಮಾತು. ಆರೋಗ್ಯದವರು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಂಡರು ಎಂಬುದೇ ಇಲ್ಲಿನ ವಿಶೇಷ.

ಕೆರಿಬಿಯನ್ ದ್ವೀಪಗಳವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 2007ರ ಸೆಪ್ಟೆಂಬರಿನಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಪ್ರಧಾನಿಗಳೇ ಕುಳಿತು ಈ ಕಾಯಿಲೆಗಳ ಬಗ್ಗೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಆರೋಗ್ಯ ಮಂತ್ರಿಗಳು ಹಾಕುವ ಸಹಿಗೂ ಪ್ರಧಾನಿ ಹಾಕುವ ಸಹಿಗೂ ಇರುವ ವ್ಯತ್ಯಾಸ ಸರ್ಕಾರಿ ಕಚೇರಿಯಲ್ಲಿ ಕಡತ ಹಿಡಿದು ಓಡಾಡಿದವರಿಗೆಲ್ಲ ಗೊತ್ತು. ನಾಲ್ಕೇ ವರ್ಷಕ್ಕೆ, 2011ರಲ್ಲಿ, ವಿಶ್ವಸಂಸ್ಥೆಯೇ ಈ ಕಾಯಿಲೆಗಳ ಕುರಿತು ಉನ್ನತ ಮಟ್ಟದ ಸಭೆ ಕರೆಯಿತು. ಅದರ ಹಿಂದೆ ಈ ಪುಟ್ಟ ದೇಶಗಳ ಒತ್ತಾಯ ದೊಡ್ಡದಿತ್ತು. ಪೆಸಿಫಿಕ್ ಸಾಗರದ ಕಡೆ ಅನುಭವ ಇನ್ನೂ ಕಹಿ. ಶ್ರೀಮಂತ ದೇಶಗಳವರು ತಾವು ತಿನ್ನದೆ ಬಿಡುವ ಕೊಬ್ಬಿನ ಮಾಂಸ ಆ ದ್ವೀಪಗಳಿಗೆ ಅಗ್ಗವಾಗಿ ಬಂದು ಬೀಳುತ್ತಿತ್ತು. ಕುರಿಯ ಪಕ್ಕೆಯ ಕೊಬ್ಬಿನ ತುಂಡುಗಳ ಮಾರಾಟವನ್ನು ಫಿಜಿ 2000ರಲ್ಲಿ ನಿಷೇಧಿಸಿತು. ಟರ್ಕಿ ಕೋಳಿಯ ಬಾಲದ ಆಮದನ್ನು ಸಮೋವಾ 2007ರಲ್ಲಿ ನಿಲ್ಲಿಸಿತು. ಆಮೇಲೆ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಬೇಕಾಗಿ ಬಂದಾಗ ಆ ನಿಷೇಧವನ್ನು ಹಿಂದೆಗೆದುಕೊಳ್ಳಬೇಕಾಯಿತು. ಜನರ ಹೃದಯ ಒಂದು ಖಾತೆಯಲ್ಲಿ, ವ್ಯಾಪಾರದ ಒಪ್ಪಂದ ಇನ್ನೊಂದು ಖಾತೆಯಲ್ಲಿ. ಎರಡೂ ಎದುರಾದಾಗ ಯಾವುದು ಗೆದ್ದಿತೆಂದು ಸಮೋವಾದವರು ಹೇಳಬಲ್ಲರು.

ದ್ವೀಪದವರಿಗೆ ಈ ಬುದ್ಧಿ ಮೊದಲು ಯಾಕೆ ಬಂತು? ಅವರೇನೂ ನಮಗಿಂತ ಜಾಣರಲ್ಲ. ದೊಡ್ಡ ಆಸ್ಪತ್ರೆ ಕಟ್ಟಿ ನಡೆಸುವಷ್ಟು ಜನರೂ ಹಣವೂ ಅಂಥ ಎಷ್ಟೋ ದೇಶಗಳಲ್ಲಿಲ್ಲ. ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಬೇಕೆಂದರೆ ವಿಮಾನ ಹತ್ತಿಸಬೇಕು. ಮಾಲ್ಡೀವ್ಸ್‌ನಿಂದ ಹೀಗೆ ತಿರುವನಂತಪುರಕ್ಕೂ ನಮ್ಮ ಬೆಂಗಳೂರಿಗೂ ಬರುವವರನ್ನು ನಿಮ್ಮಲ್ಲಿ ಕೆಲವರು ಆಸ್ಪತ್ರೆಗಳ ಕಾರಿಡಾರಿನಲ್ಲಿ ಕಂಡಿರುತ್ತೀರಿ. ಒಬ್ಬೊಬ್ಬ ರೋಗಿಯೂ ಖಜಾನೆಯ ಲೆಕ್ಕದಲ್ಲಿ ಕಣ್ಣಿಗೆ ಬೀಳುತ್ತಾನೆ. ಹಣಕಾಸು ಮಂತ್ರಿಯೇ ‘ಇದನ್ನು ತಡೆಯೋಕೆ ಆಗಲ್ವಾ?’ ಎಂದು ಕೇಳುತ್ತಾನೆ. ನಮಗೆ ಆ ಕಷ್ಟ ಇಲ್ಲ. ನಮಗೆ ಆಸ್ಪತ್ರೆಗಳಿವೆ. ಹಾಗಾಗಿ ತಡೆಯಲಾಗದ್ದೆಲ್ಲ ಒಂದು ಹಾಸಿಗೆಯ ಮೇಲೆ ಮಲಗಿ ಮರೆಯಾಗುತ್ತದೆ.

ಇನ್ನು ಮಾರ್ಕೆಟ್ಟಿಗೆ ಬರೋಣ. ಅಲ್ಲಿ ನಿಂತು ಸುತ್ತ ನೋಡಿದರೆ ಈ ಮಾತಿಗೆ ಬೇರೆ ಸಾಕ್ಷಿ ಬೇಡ. ಎದುರಿಗೇ 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ. ಅದರ ಮಗ್ಗುಲಲ್ಲಿ ವಾಣಿ ವಿಲಾಸ, ಮಿಂಟೋ ಕಣ್ಣಾಸ್ಪತ್ರೆ, ಬೆಂಗಳೂರು ವೈದ್ಯಕೀಯ ಕಾಲೇಜು. ಇಂದು ಜಯನಗರದ ಅಂಚಿನಲ್ಲಿ ಎದ್ದು ನಿಂತಿರುವ ಜಯದೇವ ಹೃದ್ರೋಗ ಸಂಸ್ಥೆ ಹುಟ್ಟಿದ್ದೂ ಇದೇ ವಿಕ್ಟೋರಿಯಾ ಆವರಣದಲ್ಲಿ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನಿಗೆ ಎದೆನೋವು ಬಂದರೆ ರಸ್ತೆ ದಾಟಿದರೆ ಸಾಕು, ದೊಡ್ಡಾಸ್ಪತ್ರೆ. ಆ ಎದೆನೋವು ಬರುವ ಹತ್ತು ವರ್ಷ ಮೊದಲೇ ಅವನ ಬಿ.ಪಿ. ನೋಡಬೇಕಾಗಿದ್ದವರು ಯಾರು ಎಂದು ಕೇಳಿ ನೋಡಿ. ಉತ್ತರಕ್ಕಾಗಿ ಎಷ್ಟು ಕಚೇರಿ ಅಲೆಯಬೇಕೋ!

ಲೆಕ್ಕ ಹಾಕಿ ನೋಡಿ. ವಿಕ್ಟೋರಿಯಾ, ಜಯದೇವ, ಕಿದ್ವಾಯಿ ಇವು ವೈದ್ಯಕೀಯ ಶಿಕ್ಷಣ ಇಲಾಖೆಯ ಕಡೆಯವು. ಆಶಾ ಕಾರ್ಯಕರ್ತೆಯರು, ತಪಾಸಣೆ ಕಾರ್ಯಕ್ರಮಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವು. ನಗರದ ಒಳಗಿನ ಹೆರಿಗೆ ಆಸ್ಪತ್ರೆ, ನಗರ ಆರೋಗ್ಯ ಕೇಂದ್ರಗಳು ಪಾಲಿಕೆಯವು. ಇ.ಎಸ್.ಐ. ಕಾರ್ಮಿಕ ಇಲಾಖೆಯದು. ನಿಮ್ಹಾನ್ಸ್ ಕೇಂದ್ರ ಸರ್ಕಾರದ್ದು. ಇಷ್ಟು ಸಾಲದು ಎಂಬಂತೆ 2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ ಐದು ಪಾಲಿಕೆಗಳಾದವು; ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ಮಾರ್ಕೆಟ್ಟಿನಲ್ಲಿ ಕೇಂದ್ರ ಪಾಲಿಕೆ, ಮಲ್ಲೇಶ್ವರಕ್ಕೆ ಬಂದರೆ ಪಶ್ಚಿಮ ಪಾಲಿಕೆ. ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಹೂವು ಕೊಂಡು, ಎಂಟು ಗಂಟೆಗೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಕೂತು ಮಾರುವ ಹೆಂಗಸಿನ ಶುಗರ್ ಯಾವ ಪಾಲಿಕೆಯದು ಸ್ವಾಮಿ?

ಹೊಸ ವ್ಯವಸ್ಥೆಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಎರಡು ಆಡಳಿತಗಳ ನಡುವೆ ಬದುಕಿ ಈ ಊರಿಗೆ ಅಭ್ಯಾಸವಿದೆ. 1947ರವರೆಗೆ ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷರದು. 1949ರವರೆಗೂ ಬೇರೆ ಬೇರೆ ಪುರಸಭೆಗಳು. 1898ರಲ್ಲಿ ಪ್ಲೇಗ್ ಬಂದಾಗ ಇಲಿಗಳು ಈ ಗಡಿಯನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಆಗ ಎರಡೂ ಕಡೆಯವರು ಒಟ್ಟಿಗೆ ಕೆಲಸ ಮಾಡಲೇಬೇಕಾಯಿತು. ಪ್ಲೇಗ್ ನಿಯಂತ್ರಣದ ಕೆಲಸವನ್ನು ಹೊಂದಿಸಲೆಂದು ಊರಿನಲ್ಲಿ ಟೆಲಿಫೋನ್ ತಂತಿ ಎಳೆದರು. ಆರೋಗ್ಯಾಧಿಕಾರಿಯನ್ನು ನೇಮಿಸಿದರು. ಬಸವನಗುಡಿ, ಮಲ್ಲೇಶ್ವರ ಎದ್ದದ್ದು ಇದೇ ಹೊತ್ತಿನಲ್ಲಿ: ಅಗಲವಾದ ರಸ್ತೆ, ಮನೆಗಳ ನಡುವೆ ಗಾಳಿ ಬೆಳಕಿಗೆ ಜಾಗ, ಚರಂಡಿ. ಇಂದು ನಾವು ‘ಹಳೇ ಬೆಂಗಳೂರಿನ ಸೊಗಸು’ ಎಂದು ಫೋಟೋ ತೆಗೆಯುವ ಬೀದಿಗಳ ಹಿಂದೆ ಪ್ಲೇಗಿನ ಹೆದರಿಕೆಯೂ ಇದೆ. ಆ ಕಾರ್ಯಾಚರಣೆಯಲ್ಲಿ ಬಲಾತ್ಕಾರವೂ ಇತ್ತು, ಬಡವರ ಮನೆಗಳನ್ನು ಕೆಡವಿದ್ದೂ ಇತ್ತು. ಅದನ್ನು ಮುಚ್ಚಿಟ್ಟು ಮೆಚ್ಚಬಾರದು. ಆದರೆ ಊರಿನ ನಕ್ಷೆ ಬರೆಯುವುದೂ ಆರೋಗ್ಯದ ಕೆಲಸ ಎಂದು ಆ ದಿನಗಳ ಇಂಜಿನಿಯರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಪ್ಲೇಗು ಹೆದರಿಸುತ್ತದೆ, ಬಿ.ಪಿ. ಹೆದರಿಸುವುದಿಲ್ಲ. ನಮ್ಮ ದೇಶದ ಸಾವುಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಈ ದೀರ್ಘಕಾಲದ ಕಾಯಿಲೆಗಳಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ ಎಂದು ಐ.ಸಿ.ಎಂ.ಆರ್. ಬೆಂಬಲದ ಅಧ್ಯಯನ 2023ರಲ್ಲಿ ಹೇಳಿತು. ಇಂಥ ಅಂಕಿಗಳನ್ನು ಓದಿ ಯಾರೂ ಊರು ಬಿಟ್ಟು ಓಡಲಿಲ್ಲ. ಓಡಿದ್ದು 2025ರ ಜುಲೈನಲ್ಲಿ. ಹಾಸನದಲ್ಲಿ ಎಳೆಯ ವಯಸ್ಸಿನವರು ಹೃದಯಾಘಾತದಿಂದ ಸಾಯುತ್ತಿದ್ದಾರೆ ಎಂಬ ಸುದ್ದಿ ಹಬ್ಬಿ, ಜನ ಮೈಸೂರಿನ, ಬೆಂಗಳೂರಿನ ಜಯದೇವದ ಮುಂದೆ ಬೆಳಗಾಗುವ ಮೊದಲೇ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಬೆರಳು ತೋರಿಸಿದ್ದು ಹಳೆಯ ಪರಿಚಿತ ಕಾರಣಗಳ ಕಡೆಗೇ: ಬಿ.ಪಿ., ಸಕ್ಕರೆ, ಹೊಗೆಸೊಪ್ಪು, ಬೊಜ್ಜು. ಅದಕ್ಕೂ ನಾಲ್ಕು ವರ್ಷ ಮೊದಲು, 2021ರ ಅಕ್ಟೋಬರ್ 29ರಂದು, ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು.

ಪುನೀತ್ ಹೆಸರಿನಲ್ಲೇ ಬಂದ ‘ಹೃದಯ ಜ್ಯೋತಿ’ ಯೋಜನೆಯನ್ನು ಮಾತ್ರ ನಾನು ಮನಸಾರೆ ಹೊಗಳುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರೆ ಅದು ಜಯದೇವದಂಥ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಸೂಚನೆ ಬಂದ ತಕ್ಷಣ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಎರಡು ಇಲಾಖೆಗಳು ನಿಮಿಷಗಳ ಲೆಕ್ಕದಲ್ಲಿ ಮಾತಾಡಿಕೊಳ್ಳುತ್ತವೆ. ಅಂದರೆ ಕೈಜೋಡಿಸುವುದು ನಮಗೆ ಬರುತ್ತದೆ, ಆಗುತ್ತದೆ. ಆದರೆ ಅದು ನಡೆಯುವುದು ಹೃದಯ ಕೈಕೊಟ್ಟ ಮೇಲೆ.

ತಡೆಯ ಕೆಲಸಕ್ಕೆ ಬೇಕಾದ ಲೆಕ್ಕ ಇಡುವುದಕ್ಕೂ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ; ಅದರ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಕಡಿಮೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ದೇಶದಲ್ಲಿ ಐ.ಸಿ.ಎಂ.ಆರ್. ಆರಂಭಿಸಿದ ಮೊದಲ ನೋಂದಣಿಗಳಲ್ಲಿ ಇದೂ ಒಂದು. ತಮ್ಮಲ್ಲಿಗೆ ಬಂದ ರೋಗಿಗಳನ್ನಷ್ಟೇ ಎಣಿಸಿ ಸುಮ್ಮನಾಗುವ ಕೆಲಸವಲ್ಲ ಅದು. ನೋಂದಣಿಯ ಸಿಬ್ಬಂದಿ ಸರ್ಕಾರಿ ಆಸ್ಪತ್ರೆ, ಖಾಸಗಿ ನರ್ಸಿಂಗ್ ಹೋಮ್, ಪ್ರಯೋಗಾಲಯ, ಪಾಲಿಕೆಯ ಮರಣ ನೋಂದಣಿ ಕಚೇರಿ ಎಲ್ಲವನ್ನೂ ಸುತ್ತುತ್ತಾರೆ. ಒಬ್ಬನೇ ರೋಗಿ ಮೂರು ಕಡೆ ತೋರಿಸಿಕೊಂಡಿದ್ದರೆ ಮೂರು ಹೆಸರನ್ನೂ ತಾಳೆ ನೋಡಿ ಒಬ್ಬನನ್ನಾಗಿ ಮಾಡುತ್ತಾರೆ. ಬೆಂಗಳೂರಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ವರ್ಷದಿಂದ ವರ್ಷಕ್ಕೆ ಇಳಿದು, ಸ್ತನದ ಕ್ಯಾನ್ಸರ್ ಅದನ್ನು ಹಿಂದಿಕ್ಕಿತು ಎಂದು ಇವತ್ತು ಧೈರ್ಯವಾಗಿ ಹೇಳಬಲ್ಲೆವಾದರೆ ಅದು ಈ ಅಲೆದಾಟದಿಂದ. ಇಲಾಖೆಗಳ ಗೋಡೆ ದಾಟಿ ಒಬ್ಬ ಮನುಷ್ಯನನ್ನು ಒಬ್ಬನೆಂದೇ ಗುರುತಿಸುವುದು ನಲವತ್ತು ವರ್ಷದಿಂದ ಸಾಧ್ಯವಾಗಿದೆ, ಅದೂ ಕಂಪ್ಯೂಟರು ಇನ್ನೂ ಮೇಜಿಗೆ ಬಾರದ ಕಾಲದಿಂದ.

ಆ ಗುರುತು ಮಾರ್ಕೆಟ್ಟಿನ ಹಮಾಲಿಗೆ ಇನ್ನೂ ಸಿಕ್ಕಿಲ್ಲ. ಒಬ್ಬನನ್ನು ಊಹಿಸಿಕೊಳ್ಳಿ. ಮುಳಬಾಗಿಲು ಕಡೆಯವನು. ರಾತ್ರಿ ಲಾರಿ ಬಂದಾಗ ಅವನ ದಿನ ಶುರು. ಹೂವು ತರಕಾರಿ ಇಳಿಸಿ ಮುಗಿಸುವ ಹೊತ್ತಿಗೆ ಬಿಸಿಲು ಏರಿರುತ್ತದೆ. ನಮ್ಮ ಕ್ಲಿನಿಕ್ ಬಾಗಿಲು ತೆರೆಯುವಾಗ ಅವನು ಕಲಾಸಿಪಾಳ್ಯದ ಯಾವುದೋ ಮಳಿಗೆಯ ಜಗಲಿಯ ಮೇಲೆ ಮಲಗಿರುತ್ತಾನೆ. 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿ.ಪಿ., ಶುಗರ್, ಬಾಯಿಯ ಕ್ಯಾನ್ಸರ್ ಎಲ್ಲವನ್ನೂ ಮನೆಬಾಗಿಲಿಗೇ ಬಂದು ನೋಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಅವನ ಮನೆಬಾಗಿಲು ಊರಿನಲ್ಲಿದೆ, ಅವನು ಇಲ್ಲಿದ್ದಾನೆ. ಯಾವುದೋ ಶಿಬಿರದಲ್ಲಿ ಬಿ.ಪಿ. ಹೆಚ್ಚಿದೆ ಎಂದು ಚೀಟಿ ಬರೆದುಕೊಟ್ಟರೂ, ತಿಂಗಳ ಮಾತ್ರೆ ಮುಗಿದ ಮೇಲೆ ಆ ಚೀಟಿಯನ್ನು ಓದಬೇಕಾದವರು ಯಾರು? ಹಬ್ಬಕ್ಕೆ ಊರಿಗೆ ಹೋದಾಗ ಮತ್ತೊಂದು ಕಾರ್ಡು, ಮತ್ತೊಂದು ಸಂಖ್ಯೆ. ಎರಡು ಕಡತಗಳಲ್ಲಿ ಅವನು ಇಬ್ಬರು ರೋಗಿಗಳು, ಎರಡರಲ್ಲೂ ‘ಚಿಕಿತ್ಸೆ ಬಿಟ್ಟವನು’.

ಇಂಥವನಿಗೆ ನಾವು ಏನು ಹೇಳುತ್ತೇವೆ? ದಿನಾ ಅರ್ಧ ಗಂಟೆ ನಡೆಯಿರಿ! ಲಾಲ್‌ಬಾಗಿನಲ್ಲಿ ಶೂ ಹಾಕಿಕೊಂಡು ನಡೆಯುವ ನಮ್ಮಂಥವರಿಗಾಗಿ ಬರೆದ ಪೋಸ್ಟರನ್ನು ಮೂಟೆ ಹೊರುವವನ ಎದುರು ಅಂಟಿಸುತ್ತೇವೆ. ಅವನಿಗೆ ಕಡಿಮೆಯಾಗಿರುವುದು ವ್ಯಾಯಾಮವಲ್ಲ, ನಿದ್ದೆ. ಬೆಳಗಿನ ಜಾವ ಮೂರಕ್ಕೆ ಅಲ್ಲಿ ಬಿಸಿಯಾಗಿ ಸಿಗುವುದು ಟೀ, ಬೋಂಡ, ಚಿತ್ರಾನ್ನ. ಹಸಿವು ಮುಂದೂಡಲು ಬೀಡಿ, ಎಲೆ ಅಡಿಕೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಹುಟ್ಟುವ ಕೆಟ್ಟ ಅಂಶ ಶೇ. 25 ದಾಟಬಾರದು ಎಂದು 2018ರಿಂದ ನಿಯಮ ಇದೆ. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದು ಎಂಬುದು 2022ರಿಂದ ನಿಯಮ. ಬೋಂಡದ ಬಾಣಲೆಯ ಹತ್ತಿರ ಈ ನಿಯಮ ಹಿಡಿದು ಬರುವವರು ಯಾರು? ಬಂದರೂ ತಳ್ಳುಗಾಡಿಯವನಿಗೆ ದಂಡ ಹಾಕಿ ಹೋದರೆ ಪ್ರಯೋಜನವಿಲ್ಲ. ಅಗ್ಗದ ಎಣ್ಣೆ ಅವನ ಕೈಗೆ ಯಾವ ದಾರಿಯಲ್ಲಿ ಬಂತು ಎಂದು ಕೇಳಬೇಕು.

ಅಡಿಕೆ, ತಂಬಾಕಿನ ಮಾತು ಬಂದಾಗ ಸಭೆಯಲ್ಲಿ ಮಲೆನಾಡಿನವರು, ಕಾಸರಗೋಡು ಕಡೆಯವರು ಸ್ವಲ್ಪ ಸರಿದು ಕೂರುವುದನ್ನು ನಾನು ಬಲ್ಲೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲು ನಮ್ಮ ರಾಜ್ಯ. ಗುಟ್ಕಾವನ್ನು ರಾಜ್ಯ 2013ರ ಮೇ 31ರಂದು ನಿಷೇಧಿಸಿತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪನ್ನು ಹರಾಜು ಮಾಡಿಸುವ ತಂಬಾಕು ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಅಂಗವಾಗಿ ಕೆಲಸ ಮಾಡುತ್ತಲೇ ಇದೆ. ಬೆಳೆಗಾರನನ್ನು ಖಳನಾಯಕ ಮಾಡಿದರೆ ಏನೂ ಸಾಧಿಸಲಾಗದು. ಇನ್ನೊಂದು ಬೆಳೆಗೆ ಅಷ್ಟೇ ಭರವಸೆಯ ಬೆಲೆ ಕೊಡುವ ಮಾತನ್ನು ಕೃಷಿ ಇಲಾಖೆ ಆಡುವವರೆಗೆ ಆರೋಗ್ಯ ಇಲಾಖೆಯ ಎಚ್ಚರಿಕೆ ಗೋಡೆ ಬರಹವಾಗಿಯೇ ಉಳಿಯುತ್ತದೆ.

ಹಾಗಾದರೆ ಎಲ್ಲಿ ಹಿಡಿಯೋಣ? ಮಾರಿಷಸ್‌ನಂತೆ ಇಡೀ ರಾಜ್ಯದ ಎಣ್ಣೆ ನಮ್ಮ ಸರ್ಕಾರದ ಕೈಯಲ್ಲಿಲ್ಲ. ಆದರೆ ಸರ್ಕಾರ ಈ ರಾಜ್ಯದ ಬಹು ದೊಡ್ಡ ಅಡುಗೆಮನೆಯ ಯಜಮಾನ ಎಂಬುದನ್ನು ಮರೆಯುತ್ತೇವೆ. ಅಕ್ಷರ ದಾಸೋಹದ ಬಿಸಿಯೂಟ ಶಿಕ್ಷಣ ಇಲಾಖೆಯದು, ಅಂಗನವಾಡಿ ಊಟ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಹಾಸ್ಟೆಲು ಸಮಾಜ ಕಲ್ಯಾಣದ್ದು, 2017ರಿಂದ ಇಂದಿರಾ ಕ್ಯಾಂಟೀನು ಪಾಲಿಕೆಯದು, ಜೈಲು ಗೃಹ ಇಲಾಖೆಯದು, ದೇವಸ್ಥಾನಗಳ ದಾಸೋಹ ಮುಜರಾಯಿಯದು. ಇಷ್ಟೂ ಕಡೆ ದಿನಾ ಒಗ್ಗರಣೆ ಬೀಳುತ್ತದೆ, ಉಪ್ಪು ಬೀಳುತ್ತದೆ. ಪಡಿತರದಲ್ಲಿ ಕೆಲವು ವರ್ಷ ರಿಯಾಯಿತಿ ದರಕ್ಕೆ ತಾಳೆ ಎಣ್ಣೆ ಹಂಚಿದ್ದೂ ಇದೇ ಸರ್ಕಾರ. ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಟ್ಟು ಒಳ್ಳೆಯದು ಮಾಡಿದ್ದೂ ಇದೇ ಸರ್ಕಾರ. ಕೊಳ್ಳುವ ಶಕ್ತಿ ಇದೆ. ಎಣ್ಣೆ ಯಾವ ಬಗೆಯದಿರಬೇಕು, ತಲೆಗೆ ಎಷ್ಟು, ಉಪ್ಪು ಎಷ್ಟು ಎಂಬ ಒಂದೇ ಅಳತೆಯನ್ನು ಈ ಎಲ್ಲ ಟೆಂಡರುಗಳಿಗೂ ಕಡ್ಡಾಯ ಮಾಡಲು ಹೊಸ ಆಸ್ಪತ್ರೆ ಬೇಡ, ಹೊಸ ಕಾಯ್ದೆಯೂ ಬೇಡ. ಬೇಕಾದ್ದು, ಅಷ್ಟೂ ಇಲಾಖೆಗಳಿಗೆ ಹೇಳಬಲ್ಲ ಒಂದು ಸಹಿ. ಆರೋಗ್ಯ ಆಯುಕ್ತರ ಪತ್ರಕ್ಕೆ ಮುಜರಾಯಿಯವರು ಉತ್ತರ ಬರೆಯಬೇಕಾಗಿಲ್ಲ. ಮುಖ್ಯಮಂತ್ರಿಯ ಆದೇಶಕ್ಕೆ ಬರೆಯಲೇಬೇಕು.

ಬೆಂಗಳೂರಿನ ಮಟ್ಟಿಗೆ ಹೊಸ ಪ್ರಾಧಿಕಾರದ ಅಧ್ಯಕ್ಷರೂ ಮುಖ್ಯಮಂತ್ರಿಯವರೇ. ಹಾಗಾಗಿ ಐದು ಪಾಲಿಕೆ ಆದದ್ದು ತೊಡಕಷ್ಟೇ ಅಲ್ಲ, ಒಂದು ಅವಕಾಶವೂ ಹೌದು ಎಂದು ನಾನು ವಾದಿಸುತ್ತೇನೆ. ಮಾರುಕಟ್ಟೆಯಿಂದಲೇ ಶುರುಮಾಡಲಿ. ಬೆಳಗಿನ ಜಾವ ಎರಡರಿಂದ ಆರರವರೆಗೆ ಮಾರ್ಕೆಟ್ ಕಟ್ಟಡದಲ್ಲೇ ಒಬ್ಬ ನರ್ಸು, ಬಿ.ಪಿ. ಯಂತ್ರ, ಶುಗರ್ ನೋಡುವ ಪಟ್ಟಿ, ತಿಂಗಳಿನದಲ್ಲ ಮೂರು ತಿಂಗಳಿನ ಮಾತ್ರೆ. ಮುಳಬಾಗಿಲಿನ ಆಶಾ ಕಾರ್ಯಕರ್ತೆಯ ಫೋನಿನಲ್ಲೂ ವಿಕ್ಟೋರಿಯಾದ ಹೊರರೋಗಿ ಕೌಂಟರಿನಲ್ಲೂ ತೆರೆಯುವ ಒಂದೇ ಸಂಖ್ಯೆ. ವರ್ಷಕ್ಕೊಮ್ಮೆ ‘ಎಷ್ಟು ಜನರನ್ನು ತಪಾಸಣೆ ಮಾಡಿದಿರಿ’ ಎಂದು ಕೇಳುವುದನ್ನು ನಿಲ್ಲಿಸಿ, ‘ಕಳೆದ ವರ್ಷ ಕಂಡ ಬಿ.ಪಿ.ಯಲ್ಲಿ ಎಷ್ಟು ಜನರದು ಹಿಡಿತಕ್ಕೆ ಬಂತು’ ಎಂದು ಕೇಳಲಿ. ಶಿಬಿರದ ಫೋಟೋಗಳಿಂದ ಮೊದಲ ಪ್ರಶ್ನೆಗೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಕಿದ್ವಾಯಿಯ ನೋಂದಣಿಯವರಂತೆ ಕಚೇರಿ ಕಚೇರಿ ಸುತ್ತಬೇಕು.

ಇದಕ್ಕೆಲ್ಲ ಹಣ ಎಲ್ಲಿದೆ ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಆಗಿನಿಂದ ಕೈ ಎತ್ತಲು ನೋಡುತ್ತಿದ್ದಾರೆ. ನರ್ಸಿನ ಸಂಬಳ, ಮಾತ್ರೆಯ ಬೆಲೆಯನ್ನು ಒಂದು ಬೈಪಾಸ್ ಶಸ್ತ್ರಚಿಕಿತ್ಸೆಯ ಪಕ್ಕ ಇಟ್ಟು ನೋಡೋಣ. ಸ್ಟೆಂಟ್, ಬೈಪಾಸ್ ಇವುಗಳಿಗೆ ವಿಮೆ ಯೋಜನೆಯಲ್ಲಿ ಸರ್ಕಾರ ಈಗಾಗಲೇ ಕೊಡುತ್ತಿರುವ ಹಣದ ಕಡತ ವಿಧಾನಸೌಧದಲ್ಲೇ ಇದೆ. ಅದನ್ನೂ ಎಣ್ಣೆ ಟೆಂಡರಿನ ಕಡತವನ್ನೂ ಒಂದೇ ಮೇಜಿನ ಮೇಲೆ ಇಡಿ ಎಂಬುದಷ್ಟೇ ನನ್ನ ಬೇಡಿಕೆ. ಹಿರಿಯರು ಈಗ ಕೇಳಲಿ.